ಹದಿನಾರು ವರ್ಷಗಳ ಶಿಲ್ಪ: ಸೋದೆಯ ವಾದಿರಾಜರು



ರಾಮಕುಂಜದಲ್ಲಿ 1931ರಲ್ಲಿ ಹುಟ್ಟಿ, ಆಟವಾಡುವ ಪ್ರಾಯದಲ್ಲಿಯೇ ಕಾಷಾಯವನ್ನುಟ್ಟು, ಪೇಜಾವರ ಮಠದ ವಿಶ್ವೇಶತೀರ್ಥರೆನಿಸಿದ ಬಾಲಕನು 1952, 1968, 1984, 2000 ಮತ್ತು 2016, ಹೀಗೆ ಐದು ಸಲ ಉಡುಪಿಯಲ್ಲಿ ಕೃಷ್ಣಪೂಜೆಯ ಸರದಿಯನ್ನು ವಹಿಸಿಕೊಂಡು ಸರ್ವಜ್ಞಪೀಠವನ್ನೇರಿದ ಸಂಗತಿಯನ್ನು ನಮ್ಮೂರವರು ಅಭಿಮಾನದಿಂದ ಎಣಿಸಿ ಹೇಳುತ್ತಾರೆ. ಈ ಇಸವಿಗಳ ನಡುವಣ ಹದಿನಾರು ವರ್ಷಗಳ ಅಂತರವು ಎಳ್ಳಷ್ಟೂ ಸರಿಯದೆ ನಿಂತಿರುವುದು ಯಾರ ಕಟ್ಟಡಗಾರಿಕೆಯಿಂದ ಎಂದು ಕೇಳುವವರು ಮಾತ್ರ ವಿರಳ. ಅದು ಸೋದೆಯ ವಾದಿರಾಜತೀರ್ಥರದು.

ಕುಂಭಾಸಿಯ ಬಳಿಯ ಹೂವಿನಕೆರೆಯಲ್ಲಿ 1480ರಲ್ಲಿ ಜನಿಸಿ, 1600ರಲ್ಲಿ ಸೋದೆಯಲ್ಲಿ ವೃಂದಾವನಸ್ಥರಾದರೆಂದು ಸಂಪ್ರದಾಯವು ಅವರಿಗೆ ನೂರಿಪ್ಪತ್ತು ವರ್ಷಗಳ ಆಯುಸ್ಸನ್ನು ಕೊಡುತ್ತದೆ. ಅವರು ಹುಟ್ಟುವುದಕ್ಕೆ ಎಂಟೇ ವರ್ಷ ಮೊದಲು ತೀರಿಕೊಂಡ ಇಟಲಿಯ ವಾಸ್ತುವಿದ ಆಲ್ಬರ್ಟಿಯು ಕಟ್ಟಡವಿದ್ಯೆಯನ್ನು ಕುರಿತು ಲ್ಯಾಟಿನ್ನಿನಲ್ಲಿ ಹತ್ತು ಅಧ್ಯಾಯಗಳ ಶಾಸ್ತ್ರಗ್ರಂಥವನ್ನು ರಚಿಸಿದ್ದಲ್ಲದೆ, ಪಂಡಿತರು ತುಚ್ಛೀಕರಿಸುತ್ತಿದ್ದ ತನ್ನ ಜನರ ಆಡುಮಾತಿಗೂ ವ್ಯಾಕರಣವನ್ನು ಬರೆದನು. ನಮ್ಮ ಯತಿಗಳ ಲೇಖನಿಗೂ ಇದೇ ಬಗೆಯ ಎರಡು ನಾಲಗೆಗಳಿದ್ದವು. ಸಂಸ್ಕೃತದಲ್ಲಿ ‘ಯುಕ್ತಿಮಲ್ಲಿಕಾ’, ‘ರುಕ್ಮಿಣೀಶವಿಜಯ’ಗಳನ್ನೂ, ತಾವು ಸಂಚರಿಸಿದ ಕ್ಷೇತ್ರಗಳನ್ನೆಲ್ಲ ವರ್ಣಿಸುವ ‘ತೀರ್ಥಪ್ರಬಂಧ’ವನ್ನೂ ರಚಿಸಿದ ಕೈಯೇ ಕನ್ನಡದಲ್ಲಿ ಹಯವದನಾಂಕಿತದ ಹಾಡುಗಳನ್ನು ಕಟ್ಟಿತು; ಅವರ ‘ಲಕ್ಷ್ಮೀಶೋಭಾನೆ’ಯು ಇಂದಿಗೂ ಮದುವೆಮನೆಯ ಹೆಂಗಸರ ಕಂಠದಲ್ಲಿದೆ. ಶಾಸ್ತ್ರಗ್ರಂಥಗಳಿಗೆ ಆ ಭಾಗ್ಯವೆಲ್ಲಿ!

ಸೋದೆಯಲ್ಲಿ ಅಲ್ಲಿಯ ದೊರೆ ಅರಸಪ್ಪನಾಯಕನ ಆಶ್ರಯದಲ್ಲಿ ಅವರಿಂದ ತ್ರಿವಿಕ್ರಮನ ಪ್ರತಿಷ್ಠೆಯಾಯಿತು. ಆ ಮೂರ್ತಿಯನ್ನು ಅವರ ಸೇವಕನೆನಿಸಿದ ಭೂತರಾಜನು ರಥಸಮೇತ ಬದರಿಯಿಂದ ಹೊತ್ತುತಂದನೆಂಬ ಐತಿಹ್ಯವನ್ನು ನಂಬುವವರು ನಂಬಲಿ; ನನ್ನ ಬೆರಗು ಅವರ ಇನ್ನೊಂದು ನಿರ್ಮಾಣದ ಮೇಲೆ ನೆಟ್ಟಿದೆ. ಮಧ್ವಾಚಾರ್ಯರ ಕಾಲದಿಂದ ಉಡುಪಿಯ ಎಂಟು ಮಠಗಳ ಯತಿಗಳಿಗೆ ಎರಡೆರಡು ತಿಂಗಳಂತೆ ಸರದಿಯಲ್ಲಿ ಬರುತ್ತಿದ್ದ ಕೃಷ್ಣಪೂಜೆಯನ್ನು ವಾದಿರಾಜರು 1522ರಲ್ಲಿ ಎರಡೆರಡು ವರ್ಷಗಳ ಪರ್ಯಾಯವನ್ನಾಗಿ ಮಾರ್ಪಡಿಸಿದರು. ಹಿಂದೆ ಹದಿನಾಲ್ಕೇ ತಿಂಗಳಲ್ಲಿ ಉಡುಪಿಗೆ ಮರಳಲೇಬೇಕಾಗಿದ್ದ ಯತಿಗೆ ಈಗ ನಡುವೆ ಹದಿನಾಲ್ಕು ವರ್ಷಗಳ ಬಿಡುವು ದೊರೆತು, ದೇಶಸಂಚಾರಕ್ಕೂ ಪಾಠಪ್ರವಚನಕ್ಕೂ ಅವಕಾಶವಾಯಿತು. ಸ್ವತಃ ಹಿಮಾಲಯದವರೆಗೆ ನಡೆದಿದ್ದವರಿಗೆ ಅಲ್ಲದೆ ಮತ್ತಾರಿಗೆ ಆ ಬಿಡುವಿನ ಬೆಲೆ ತಿಳಿದೀತು?

ಪರ್ಯಾಯಕ್ಕೆ ಮುನ್ನ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತಗಳಾದ ಬಳಿಕ ಕಟ್ಟಿಗೆ ಮುಹೂರ್ತ ನಡೆಯುತ್ತದೆ. ಸೀಳಿದ ಸೌದೆಯನ್ನು ಸ್ತರಸ್ತರವಾಗಿ ಒಟ್ಟಿ, ಮೇಲೆ ಹೋದಂತೆಲ್ಲ ಕಿರಿದುಗೊಳಿಸುತ್ತ, ಸಾಕ್ಷಾತ್ ತೇರೇ ನಿಂತಂತೆ ಕಟ್ಟುತ್ತಾರೆ. ಎಳೆಯಲಾಗದ ಆ ರಥವು ಅಡುಗೆಶಾಲೆಯ ಒಲೆಗಳಿಗೆ ಆಹಾರವಾಗಿ, ಯಾತ್ರಿಕರ ಅನ್ನವಾಗಿ, ದಿನದಿನಕ್ಕೆ ಕರಗಿಹೋಗುತ್ತದೆ. ಮುಂದಿನ ಮಠದವರು ತಮ್ಮ ಸರದಿಗೆ ಮತ್ತೊಂದನ್ನು ಕಟ್ಟುತ್ತಾರೆ. ಜನವರಿ 18ರ ಬೆಳಗಿನ ಜಾವ ಅಧಿಕಾರವು ಕೈದಾಟುವಾಗಲೂ ಕಿರೀಟವಾಗಲಿ ಖಡ್ಗವಾಗಲಿ ಕಾಣಿಸದು: ಒಬ್ಬ ಯತಿಯು ಇನ್ನೊಬ್ಬರಿಗೆ ಒಪ್ಪಿಸುವುದು ಅಕ್ಷಯಪಾತ್ರೆ, ಬಡಿಸುವ ಸಟ್ಟುಗ ಮತ್ತು ಬೀಗದ ಕೈ.

ಈಗ ಲೆಕ್ಕಕ್ಕೆ ಬನ್ನಿ. 1522ರಲ್ಲಿ ಪಲಿಮಾರು ಮಠದಿಂದ ತೊಡಗಿದ ಸರದಿಯಲ್ಲಿ ವಾದಿರಾಜರ ಸೋದೆ ಮಠ ಆರನೆಯದು, ನಮ್ಮ ನೆರೆಯ ಕಾಣಿಯೂರಿನ ಹೆಸರನ್ನು ಹೊತ್ತ ಮಠ ಏಳನೆಯದು, ಪೇಜಾವರ ಎಂಟನೆಯದು. ಎಂದರೆ ಅದರ ಮೊದಲ ಪರ್ಯಾಯ 1536ರದು. ಅದಕ್ಕೆ ಹದಿನಾರರಂತೆ ಇಪ್ಪತ್ತಾರು ಬಾರಿ ಕೂಡಿಸಿದರೆ ರಾಮಕುಂಜದ ಆ ತರುಣಯತಿ ಪೀಠವನ್ನೇರಿದ 1952 ಬರುತ್ತದೆ. ನಡುವೆ ವಿಜಯನಗರ ಅಳಿಯಿತು, ಕೆಳದಿ ಅಳಿಯಿತು, ಕುಂಪಣಿಯವರು ಬಂದು ಹೋದರು. ಅದೇ ಗಣಿತದಂತೆ ಪೇಜಾವರ ಮಠದ ಮುಂದಿನ ಸರದಿ 2032ಕ್ಕೆ.