ವಿಸ್ಕಿ ಹರಿದ ಬೀದಿ

ಡಬ್ಲಿನ್ ನಗರಕ್ಕೆ ಹೋದವರು ಈಗ ವಿಸ್ಕಿ ಭಟ್ಟಿಗಳನ್ನೂ ನೋಡಿ ಬರುತ್ತಾರೆ. ಬೋ ಸ್ಟ್ರೀಟಿನ ಜೇಮ್ಸನ್ ಭಟ್ಟಿ 1971ರಲ್ಲೇ ಆರಿತು. ಇಂದು ಅಲ್ಲಿ ಪ್ರವಾಸಿಗರಿಗೆ ರುಚಿ ತೋರಿಸುತ್ತಾರೆ. ಲಿಬರ್ಟೀಸ್ ಪ್ರದೇಶದಲ್ಲಿ 2015ರಲ್ಲಿ ಟೀಲಿಂಗ್ ಎಂಬ ಹೊಸ ಭಟ್ಟಿಯೇ ತೆರೆಯಿತು. ಟಿಕೆಟ್ ಕೊಂಡವರಿಗೆ ತಾಮ್ರದ ಹಂಡೆಗಳನ್ನು ತೋರಿಸಿ, ಕೊನೆಗೆ ಪುಟ್ಟ ಲೋಟಗಳಲ್ಲಿ ಒಂದೊಂದು ಗುಟುಕು ಕೊಡುತ್ತಾರೆ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಚೇಂಬರ್ ಸ್ಟ್ರೀಟ್. 1875ರ ಜೂನ್ 18ರ ರಾತ್ರಿ ಅಲ್ಲಿದ್ದ ಮದ್ಯದ ಉಗ್ರಾಣವೊಂದು ಹೊತ್ತಿಕೊಂಡಿತು. ಪೀಪಾಯಿಗಳು ಸಿಡಿದು, ಉರಿಯುವ ವಿಸ್ಕಿ ಬೀದಿಯಲ್ಲಿ ಹೊಳೆಯಾಗಿ ಹರಿಯಿತು. ನೀರು ಹೊಡೆದರೆ ಬೆಂಕಿ ಅದರೊಡನೆ ಇನ್ನಷ್ಟು ದೂರ ಹರಡೀತೆಂಬ ಭಯ. ಅಗ್ನಿಶಾಮಕ ದಳದ ಮುಖ್ಯಸ್ಥ ಇನ್‌ಗ್ರಾಮ್ ಕುದುರೆ ಲದ್ದಿ ತರಿಸಿ ಸುರಿಸಿದ. ತಮಾಷೆಯಲ್ಲ, ಹೊಳೆ ನಿಂತದ್ದು ಅದರಿಂದಲೇ!

ಸತ್ತವರು 13 ಮಂದಿ. ಒಬ್ಬರೂ ಸುಟ್ಟು ಸತ್ತವರಲ್ಲ, ಹರಿದದ್ದನ್ನು ಟೋಪಿ, ಬೂಟುಗಳಲ್ಲಿ ತುಂಬಿಕೊಂಡು ಕುಡಿದವರು. ಶೀಸೆಗೆ ತುಂಬುವಾಗ ನೀರು ಬೆರೆಸಿ ಮದ್ಯಸಾರವನ್ನು ಶೇಕಡ 40ರ ಸುಮಾರಿಗೆ ಇಳಿಸುತ್ತಾರೆ. ಪೀಪಾಯಿಯಲ್ಲಿ ಅದು 60ರ ಆಸುಪಾಸಿನಲ್ಲಿರುತ್ತದೆ. ಅಂದು ಅದು ಬಡವರ ಕೇರಿ. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಟ್ಟಾರು? ಇನ್ನೂ ಹಲವರನ್ನು ಪ್ರಜ್ಞೆಯಿಲ್ಲದೆ ಬಿದ್ದಲ್ಲಿಂದ ಆಸ್ಪತ್ರೆಗೆ ಹೊತ್ತೊಯ್ದರು.