ಸುಂಕದ ಕಟ್ಟೆಯಲ್ಲಿ ಮಡಚುವ ಚಾಕು

(ಪುಣೆಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಸೀಮಾಸುಂಕ ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಬದುಕಿನ ಬಹುಭಾಗವನ್ನು ಸುಂಕದವನಾಗಿಯೇ ಕಳೆದ ನನಗೆ ಈ ಗಾದೆ ಕಿವಿಗೆ ಬಿದ್ದಾಗಲೆಲ್ಲ ಒಂದು ಮಾತು ಹೇಳಬೇಕೆನಿಸುತ್ತದೆ. ನಮ್ಮ ಮುಂದೆ ಹೇಳಿಕೊಂಡು ಕೆಟ್ಟವರನ್ನು ನಾನು ಕಂಡದ್ದು ಕಡಿಮೆ. ಹೇಳದೆ ಮುಚ್ಚಿಟ್ಟು ಕೆಟ್ಟವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಒಂದು ಸಣ್ಣ ಚಾಕುವಿನ ನೆಪದಲ್ಲಿ ಆ ಮಾತನ್ನು ಇಂದು ವಿವರಿಸುತ್ತೇನೆ.

ಪುಣೆಯ ಸುತ್ತ ಸಹ್ಯಾದ್ರಿಯಿದೆ. ಸಿಂಹಗಡ, ರಾಜಗಡ, ತೋರಣಗಳನ್ನು ಏರುವ ತರುಣರ ಚೀಲದಲ್ಲಿ ಹಗ್ಗ ಕತ್ತರಿಸಲು, ಹಣ್ಣು ಹೆಚ್ಚಲು ಒಂದು ಮಡಚುವ ಚಾಕು ಇರುವುದು ಸಹಜ. ವಿದೇಶಕ್ಕೆ ಹೋಗಿ ಬರುವವರು ಅಂಥದನ್ನು ಉಡುಗೊರೆಯಾಗಿ ತರುವುದೂ ಉಂಟು. ಈಚಿನ ಚಾಕುಗಳಲ್ಲಿ ಸ್ಪ್ರಿಂಗಿನ ನೆರವಿನಿಂದ ತೆರೆಯುವ ಒಂದು ಬಗೆಯಿದೆ. ಅಲಗಿನ ಮೇಲಿನ ಗುಬುಟನ್ನು ಹೆಬ್ಬೆರಳಿನಿಂದ ಸ್ವಲ್ಪ ತಳ್ಳಿದರೆ ಸಾಕು, ಉಳಿದ ಕೆಲಸವನ್ನು ಒಳಗಿನ ಸ್ಪ್ರಿಂಗು ಪೂರೈಸುತ್ತದೆ. ಹಿಡಿಯಲ್ಲಿರುವ ಗುಂಡಿಯನ್ನು ಒತ್ತಿದೊಡನೆ ತಾನಾಗಿಯೇ ಚಿಮ್ಮುವ ಚಾಕು ಬೇರೆ. ನೋಡುವ ಕಣ್ಣಿಗೆ ಎರಡೂ ಒಂದೇ. ತೊಡಕು ಹುಟ್ಟುವುದು ಇಲ್ಲಿಯೇ.

ಈ ತೊಡಕು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ಗುಂಡಿಚಾಕುಗಳ ವಿರುದ್ಧ 1958ರಲ್ಲಿ ಕಾನೂನಾಯಿತು. 2009ರಲ್ಲಿ ಅಲ್ಲಿನ ಸೀಮಾಸುಂಕ ಇಲಾಖೆಯು ಸ್ಪ್ರಿಂಗ್ ನೆರವಿನ ಚಾಕುಗಳನ್ನೂ ಅದೇ ಗುಂಪಿಗೆ ಸೇರಿಸಲು ಹೊರಟಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತು ಕಾನೂನನ್ನು ತಿದ್ದಿ ಅವನ್ನು ಹೊರಗಿಟ್ಟಿತು. ಬ್ರಿಟನ್ ಇದಕ್ಕೆ ವ್ಯತಿರಿಕ್ತವಾದ ದಾರಿ ಹಿಡಿಯಿತು. 2019ರ ಕಾಯಿದೆಯು ಅರೆತೆರೆದ ಸ್ಥಿತಿಯಿಂದ ಸ್ಪ್ರಿಂಗಿನಿಂದ ತೆರೆದುಕೊಳ್ಳುವ ಚಾಕುವನ್ನೂ ನಿಷೇಧದೊಳಗೆ ತಂದಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಜುಲೈನಿಂದ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧವಾಗಿದೆ. ಅಮೆರಿಕದಲ್ಲಿ ಕೊಂಡ ಚಾಕುವನ್ನು ಲಂಡನ್ನಿನ ಅಳಿಯನಿಗೆ ಒಯ್ಯುವವರು ಇದನ್ನು ಮರೆಯಬಾರದು.

ಇನ್ನು ನಮ್ಮ ಕಾನೂನು. 1959ರ ಆಯುಧ ಅಧಿನಿಯಮವು ‘ಆಯುಧ’ ಎಂಬುದನ್ನು ವಿಶಾಲವಾಗಿಯೇ ವ್ಯಾಖ್ಯಾನಿಸುತ್ತದೆ. ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ರೂಪಿಸಿದ ಹರಿತವಾದ ವಸ್ತುಗಳೆಲ್ಲ ಅದರಲ್ಲಿ ಸೇರುತ್ತವೆ. ಕೇವಲ ಗೃಹಕೃತ್ಯಕ್ಕೆ ಅಥವಾ ಬೇಸಾಯಕ್ಕೆ ಮಾಡಿದವು ಸೇರುವುದಿಲ್ಲ. ಆದುದರಿಂದ ನಮ್ಮ ಈಳಿಗೆಮಣೆಗೂ ಕುಡುಗೋಲಿಗೂ ಪರವಾನಗಿ ಬೇಡ. 2016ರ ಆಯುಧ ನಿಯಮಗಳ ಐದನೆಯ ವರ್ಗದಲ್ಲಿ ಖಡ್ಗ, ಕಠಾರಿ, ಭರ್ಜಿಗಳೊಂದಿಗೆ 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳನ್ನು ಹೆಸರಿಸಲಾಗಿದೆ. ಜೇಬಿನಲ್ಲಿ ಹಿಡಿಸುವ ಚಾಕು ಈ ಅಳತೆಯನ್ನು ಮುಟ್ಟುವುದಿಲ್ಲ.

ಆದರೆ ಅಳತೆಯೊಂದನ್ನೇ ನಂಬಿ ನಿಶ್ಚಿಂತರಾಗಿರಲಾಗದು. ಅದೇ ಅಧಿನಿಯಮದ 4ನೆಯ ಕಲಮಿನ ಮೇರೆಗೆ ಒಂದು ಪ್ರದೇಶಕ್ಕೆ ಮಾತ್ರ ಅನ್ವಯಿಸುವಂತೆ ಅಧಿಸೂಚನೆ ಹೊರಡಿಸಬಹುದು. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಸ್ಪ್ರಿಂಗು, ಗುಂಡಿ ಅಥವಾ ಇತರ ಯಾಂತ್ರಿಕ ಸಾಧನದಿಂದ ತೆರೆಯುವ, 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ ಮತ್ತು 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲದ ಅಲಗುಳ್ಳ ಚಾಕುಗಳನ್ನು ನಿಯಂತ್ರಣಕ್ಕೆ ಒಳಪಡಿಸಿತು. ಅಂದರೆ ಉದ್ದ ಬರಿಯ ಮೂರು ಅಂಗುಲ. ಆ ಅಧಿಸೂಚನೆಯು ಹೇಳುವ ಮಾರಾಟವೇ ಮೊದಲಾದ ಉದ್ದೇಶವು ಆರೋಪಪಟ್ಟಿಯಲ್ಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಒಂದು ಮೊಕದ್ದಮೆಯನ್ನು ರದ್ದುಗೊಳಿಸಿದ್ದುಂಟು. ಆದರೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಗೆಲ್ಲುವುದಕ್ಕಿಂತ ಚಾಕುವನ್ನು ಮನೆಯಲ್ಲಿ ಬಿಟ್ಟು ರೈಲು ಹತ್ತುವುದು ಸುಲಭವಲ್ಲವೇ?

ಪುಣೆಯಲ್ಲಿರುವವರು ಇನ್ನೊಂದು ಕಾನೂನನ್ನು ತಿಳಿದಿರಬೇಕು. 1951ರ ಮಹಾರಾಷ್ಟ್ರ ಪೊಲೀಸ್ ಅಧಿನಿಯಮದ 37ನೆಯ ಕಲಮಿನ ಮೇರೆಗೆ ಪೊಲೀಸ್ ಆಯುಕ್ತರು ಶಾಂತಿಪಾಲನೆಗಾಗಿ ಚಾಕು, ದೊಣ್ಣೆ ಮುಂತಾದವನ್ನು ಒಯ್ಯುವುದನ್ನು ನಿಷೇಧಿಸಬಹುದು.  ಇಂಥ ಆದೇಶಗಳು ಮತ್ತೆ ಮತ್ತೆ ಹೊರಡುತ್ತಿರುತ್ತವೆ. ಕರ್ನಾಟಕದಲ್ಲಿ 1963ರ ಪೊಲೀಸ್ ಅಧಿನಿಯಮವೂ ಇಂತಹ ಅಧಿಕಾರವನ್ನು ನೀಡಿದೆ. ಸುಂಕದ ಕಟ್ಟೆ ದಾಟಿ ಬಂದ ಚಾಕು ಬೀದಿಯಲ್ಲಿಯೂ ನಿರ್ದೋಷಿಯೆಂದು ಭಾವಿಸಬಾರದು. ಬೆಟ್ಟಕ್ಕೆ ಒಯ್ದುದನ್ನು ಮೆರವಣಿಗೆಗೆ ಒಯ್ಯಬೇಡಿ.

ಈಗ ಸುಂಕದ ಕಟ್ಟೆಗೆ ಬರೋಣ. ಸುಂಕದ ಪಟ್ಟಿಯಲ್ಲಿ ಚಾಕುವಿಗೆ ಎರಡು ಮನೆಗಳಿವೆ. 8211ನೆಯ ಶೀರ್ಷಿಕೆಯಲ್ಲಿ ಮಡಚುವವೂ ಸೇರಿದಂತೆ ಸಾಮಾನ್ಯ ಚಾಕುಗಳಿವೆ. 9307ರಲ್ಲಿ ಖಡ್ಗ, ಬಯೊನೆಟ್, ಈಟಿ ಮೊದಲಾದ ಆಯುಧಗಳಿವೆ. ಆಯುಧವೆಂದು ತೀರ್ಮಾನವಾದರೆ ಆಯುಧ ಅಧಿನಿಯಮದ 10ನೆಯ ಕಲಮಿನಂತೆ ಆಮದಿಗೆ ಪರವಾನಗಿ ಬೇಕು. ಯಾವ ಮನೆಗೆ ಸೇರಿಸಬೇಕೆಂಬುದನ್ನು ಅಧಿಕಾರಿಯು ವಸ್ತುವಿನ ರಚನೆಯನ್ನು ನೋಡಿ ನಿರ್ಧರಿಸಬೇಕಾಗುತ್ತದೆ. ಆಗ ತಮ್ಮ ಮಾತಿಗೆ, ಕೊಂಡ ರಸೀದಿಗೆ, ತಯಾರಕರ ವಿವರಪತ್ರಕ್ಕೆ ಬೆಲೆಯಿದೆ.

ನನ್ನ ಸೇವಾವಧಿಯಲ್ಲಿ ಒಂದು ಬೆಳಗಿನ ಜಾವ ತರುಣನೊಬ್ಬನು ಹಸಿರು ದಾರಿಯಲ್ಲಿ ಹೊರಟಿದ್ದನು. ಕ್ಷಕಿರಣದ ಪರದೆಯಲ್ಲಿ ಅವನ ಪೆಟ್ಟಿಗೆಯೊಳಗೆ ಚಾಕುವಿನ ಆಕಾರ ಕಂಡಿತು. ಕೇಳಿದಾಗ “ಏನೂ ಇಲ್ಲ ಸಾರ್” ಎಂದನು. ಕಾಲುಚೀಲದಲ್ಲಿ ಸುತ್ತಿದ್ದ ಚಾಕು ಹೊರಬಂದಿತು. ಗಿಡಗಳಿಗೆ ಕಸಿ ಕಟ್ಟುವ ಹವ್ಯಾಸವಿದ್ದ ತಂದೆಯ ಷಷ್ಟ್ಯಬ್ದಿಗೆ ತಂದ ಉಡುಗೊರೆ ಅದು. ತಂದೆ ಹೊರಗೆ ಕಾಯುತ್ತಿದ್ದರು. ಮೊದಲೇ ಹೇಳಿದ್ದರೆ ಅಳತೆ ನೋಡಿ ಬೇಗನೆ ತೀರಿಸಬಹುದಾದ ಸಂಗತಿಯಾಗಿತ್ತು. ಈಗ ಚಾಕುವಿನ ಪ್ರಶ್ನೆ ಹಿಂದೆ ಸರಿದು, ಬಚ್ಚಿಟ್ಟದ್ದೇಕೆ, ಸುಳ್ಳು ಹೇಳಿದ್ದೇಕೆ ಎಂಬ ಪ್ರಶ್ನೆಗಳು ಮುಂದೆ ಬಂದವು. ಸೂರ್ಯೋದಯದ ಅನಂತರವೂ ಅವನು ಹೇಳಿಕೆ ಬರೆಯುತ್ತಲೇ ಇದ್ದನು. ತಂದೆಯ ಮುಖವನ್ನು ನಾನಿನ್ನೂ ಮರೆತಿಲ್ಲ.

1962ರ ಸೀಮಾಸುಂಕ ಅಧಿನಿಯಮದ 77ನೆಯ ಕಲಮು ಪ್ರಯಾಣಿಕನು ತನ್ನ ಸಾಮಾನಿನ ವಿವರವನ್ನು ಘೋಷಿಸಬೇಕೆಂದು ವಿಧಿಸುತ್ತದೆ. ಇದು ಹೊರೆಯೆಂದು ಅನೇಕರ ಭಾವನೆ. ಆದರೆ ನಿಜವನ್ನು ಘೋಷಿಸಿದವನಿಗೆ 80ನೆಯ ಕಲಮು ಒಂದು ರಕ್ಷಣೆಯನ್ನು ಕೊಡುತ್ತದೆ: ತಂದ ವಸ್ತುವು ನಿಷಿದ್ಧವೆಂದು ಕಂಡುಬಂದರೂ, ಅದನ್ನು ತಡೆದಿರಿಸಿಕೊಂಡು ಭಾರತವನ್ನು ಬಿಡುವಾಗ ಹಿಂದಿರುಗಿಸುವಂತೆ ಅಧಿಕಾರಿಯನ್ನು ಕೇಳಿಕೊಳ್ಳಬಹುದು. ಬಚ್ಚಿಟ್ಟವನಿಗೆ ಈ ಬಾಗಿಲು ಮುಚ್ಚಿರುತ್ತದೆ. ಸಂದೇಹವಿದ್ದರೆ ಕೆಂಪು ದಾರಿಯಲ್ಲಿ ನಡೆಯಿರಿ. ವಿಮಾನದಲ್ಲಿ ಚಾಕುವನ್ನು ಕೈಚೀಲದಲ್ಲಿ ಇಡಲೇಬೇಡಿ. ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲಿಡಿ.

ಒಂದು ವೇಳೆ ವಸ್ತುವನ್ನು ವಶಪಡಿಸಿಕೊಂಡರೆ ಧೃತಿಗೆಡಬೇಡಿ. ತಪ್ಪದೆ ರಸೀದಿ ಪಡೆಯಿರಿ. ಮುಟ್ಟುಗೋಲಿಗೆ ಮುನ್ನ 124ನೆಯ ಕಲಮಿನಂತೆ ಕಾರಣ ತಿಳಿಸುವ ನೋಟೀಸನ್ನೂ ಉತ್ತರಿಸುವ ಅವಕಾಶವನ್ನೂ ಕೊಡಬೇಕು. ಪ್ರಯಾಣಿಕನು ಕೋರಿದರೆ ನೋಟೀಸು ಮೌಖಿಕವಾಗಿಯೂ ಇರಬಹುದು. ಆದುದರಿಂದ ದಣಿವಿನಲ್ಲಿ ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಿಷಿದ್ಧವಲ್ಲದ ವಸ್ತುವಾದರೆ ಮುಟ್ಟುಗೋಲಿಗೆ ಬದಲಾಗಿ ದಂಡ ತೆತ್ತು ಬಿಡಿಸಿಕೊಳ್ಳುವ ಆಯ್ಕೆಯನ್ನು 125ನೆಯ ಕಲಮಿನಂತೆ ಕೊಡಲೇಬೇಕು. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಮೇಲ್ಮನವಿ ಆಯುಕ್ತರ ಮೊರೆ ಹೋಗಬಹುದು.

ಅಂಚೆ, ಕೊರಿಯರುಗಳ ಮೂಲಕ ತರಿಸುವವರಿಗೂ ಇದೇ ಮಾತು. ಐದು ಸಾವಿರ ರೂಪಾಯಿಯವರೆಗಿನ ಉಡುಗೊರೆಗೆ ಹಿಂದೆ ಇದ್ದ ಸುಂಕ ವಿನಾಯಿತಿ 2019ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಪೊಟ್ಟಣದ ಮೇಲೆ ‘ಆಟಿಕೆ’ ಎಂದೋ ‘ಬಿಡಿಭಾಗ’ ಎಂದೋ ಬರೆಯಿಸುವ ಜಾಣತನ ಬೇಡ. ‘ಮಡಚುವ ಚಾಕು, ಅಲಗು ಇಷ್ಟುದ್ದ, ಬೆಲೆ ಇಷ್ಟು’ ಎಂದು ಬರೆಯಿಸಿರಿ.

ಬಂಧುಗಳೇ, ಚಾಕು ಕಳೆದರೆ ಇನ್ನೊಂದು ಸಿಕ್ಕೀತು. ಕಡತದಲ್ಲಿ ದಾಖಲಾದ ಸುಳ್ಳನ್ನು ಅಳಿಸುವುದು ಕಷ್ಟ. ನಮ್ಮ ಹಿರಿಯರ ಗಾದೆಯನ್ನು ತಿದ್ದುವ ಅಧಿಕಾರ ನನಗಿಲ್ಲ. ಸುಖದುಃಖವನ್ನು ತಾವು ಯಾರ ಮುಂದಾದರೂ ಹೇಳಿಕೊಳ್ಳಿ. ಪೆಟ್ಟಿಗೆಯಲ್ಲಿ ಏನಿದೆಯೆಂಬುದನ್ನು ಮಾತ್ರ ಸುಂಕದವನು ಕೇಳುವ ಮೊದಲೇ ಹೇಳಿಬಿಡಿ.