ಹಳೆಯ ಮನೆಗೆ ಎಂಥ ಒಲೆ?

(ವೈಟ್‌ಫೀಲ್ಡ್ ಬಳಿಯ ಹಳ್ಳಿಯೊಂದರಲ್ಲಿ ರೈತರ ಮುಂದೆ ಮಾಡಿದ ಭಾಷಣ)



ರಾಗಿ, ಅವರೆಯ ಮಾತಾಡಬೇಕಾದ ಬೇಸಾಯಶಾಸ್ತ್ರದ ಮೇಷ್ಟ್ರು ಒಲೆಯ ವಿಷಯ ಎತ್ತಿದರಲ್ಲ ಎಂದು ನಿಮಗೆ ಅನಿಸಬಹುದು. ಸೌದೆಯೂ ಹೊಲದ ಬೆಳೆಯೇ. ಬದುವಿನ ಹೊಂಗೆ, ಜಾಲಿ, ತೋಪಿನ ಸರ್ವೆ, ತೆಂಗಿನ ಗರಿ, ಹಿಪ್ಪುನೇರಳೆ ಕಡ್ಡಿ ಇವೆಲ್ಲ ಕೊನೆಗೆ ಸೇರುವುದು ಒಲೆಗೆ. ಬೆಳೆದದ್ದು ಹೊಗೆಯಾಗಿ ಪೋಲಾದರೆ ಅದೂ ನಷ್ಟವೇ ಅಲ್ಲವೆ?

ಈಗ ನಿಮ್ಮೂರ ಹತ್ತಿರಕ್ಕೇ ಮೆಟ್ರೊ ರೈಲು ಬಂದಿದೆ. ಅಡುಗೆಗೆ ಗ್ಯಾಸ್ ಬಂದಿದೆ. ಆದರೂ ಹೆಂಚಿನ ಹಳೆಯ ಮನೆಗಳಲ್ಲಿ ಸ್ನಾನದ ನೀರು ಕಾಯುವುದು ಹಂಡೆಯ ಒಲೆಯಲ್ಲೇ. ಧನುರ್ಮಾಸದ ಚಳಿಯಲ್ಲಿ ಮನೆಮಂದಿಯೆಲ್ಲ ಮೈ ಕಾಯಿಸುವುದೂ ಅದರ ಮುಂದೆಯೇ. ಆದ್ದರಿಂದ ಆ ಒಲೆಯ ಬಗ್ಗೆಯೇ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಕಥೆ. ನಾನು ಹುಡುಗನಾಗಿದ್ದಾಗ ನಮ್ಮ ಬಚ್ಚಲಿಗೆ ಹೊಗೆಯಿಲ್ಲದ ಒಲೆ ಹಾಕಿಸಿದರು. ಕಟ್ಟಿದವರು ನಮ್ಮ ತಾಮ್ರದ ಹಂಡೆಯನ್ನು ಅಳೆಯಲಿಲ್ಲ. ಒಲೆಯ ಬಾಯಿ ಕಿರಿದಾಯಿತು. ನಮ್ಮ ತಾಯಿ ಹಾರೆಯಿಂದ ಕೆತ್ತಿ ಅಗಲ ಮಾಡಿಕೊಂಡರು. ಸಂದಿನಿಂದ ಹೊಗೆ ಬರತೊಡಗಿತು. ಕೊಳವೆಯ ಮಸಿ ತೆಗೆಯಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ, ಅದೂ ಕಟ್ಟಿಕೊಂಡಿತು. ಎರಡು ಮಳೆಗಾಲ ಕಳೆಯುವುದರೊಳಗೆ ಆ ಒಲೆಯ ಮೇಲೆ ಕೋಳಿ ಪಂಜರ ಕುಳಿತಿತ್ತು. ತಾಯಿ ಮತ್ತೆ ಮೂರು ಕಲ್ಲಿನ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತರು. ಮುಂದೆ ಅವರಿಗೆ ಉಬ್ಬಸ ಶುರುವಾದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಬೀಡಿ ಸೇದುತ್ತಾರೆಯೆ?" ಬೀಡಿ ಮುಟ್ಟದವರ ಶ್ವಾಸಕೋಶವನ್ನು ನಮ್ಮ ಸ್ನಾನದ ನೀರು ಕೆಡಿಸಿತ್ತು.

ಈಗ ಸ್ವಲ್ಪ ಲೆಕ್ಕ. 40 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಬೇಕಾದ ಶಾಖ 1,000 ಕಿಲೊಕ್ಯಾಲೊರಿ. ಚೆನ್ನಾಗಿ ಒಣಗಿದ ಸೌದೆಯ ಒಂದು ಕಿಲೊದಲ್ಲಿ ಸುಮಾರು 3,500 ಕಿಲೊಕ್ಯಾಲೊರಿ ಇರುತ್ತದೆ. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಹಂಡೆಗೆ ತಲಪುವುದು ಹತ್ತರಲ್ಲಿ ಸುಮಾರು ಒಂದು ಪಾಲು ಮಾತ್ರ. ಎಂದರೆ ದಿನಕ್ಕೆ 3 ಕಿಲೊ ಸೌದೆ ಬೇಕು. ಹತ್ತರಲ್ಲಿ ಮೂರು ಪಾಲು ಹಂಡೆಗೆ ಸೇರುವಂತೆ ಒಲೆ ಕಟ್ಟಿದರೆ 1 ಕಿಲೊ ಸಾಕು. ವರ್ಷಕ್ಕೆ 700 ಕಿಲೊ ಉಳಿತಾಯ!

ಇದು ಬರಿಯ ಕಾಗದದ ಲೆಕ್ಕವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಅವರು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಇಂಧನ ವ್ಯಯವಾಗುತ್ತದೆಂದು ಅಳೆದರು. ಅಡುಗೆ ಮತ್ತು ಸ್ನಾನದ ನೀರಿಗೇ ಸೌದೆಯ ಬಹುಪಾಲು ಹೋಗುತ್ತಿತ್ತು. ಅವರು ರೂಪಿಸಿದ 'ಅಸ್ತ್ರ ಒಲೆ'ಯ ತತ್ವ ಸರಳ: ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಡುವುದು, ಕೆಳಗಿನ ಜಾಲರಿಯಿಂದ ಗಾಳಿ ಕೊಡುವುದು, ಬಿಸಿ ಅನಿಲ ಪಾತ್ರೆಗೆ ತಾಗಿ ಹೋಗುವಂತೆ ಮಾಡುವುದು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳುಹಿಸುವುದು.

ಒಲೆ ಆರಿಸುವಾಗ ಈ ಅಂಶಗಳನ್ನು ಗಮನಿಸಿ.

1. ಮೊದಲು ಹಂಡೆ, ಆಮೇಲೆ ಒಲೆ. ಹಂಡೆಯ ತಳವಷ್ಟೇ ಅಲ್ಲ, ಮೈಯೂ ಒಲೆಯೊಳಗೆ ಇಳಿಯಬೇಕು. ಸುತ್ತ ಒಂದು ಬೆರಳಿನಷ್ಟು ಸಂದಿದ್ದರೆ ಬಿಸಿ ಅನಿಲ ಮೈಗೆ ತಾಗಿಕೊಂಡು ಹೋಗುತ್ತದೆ. ಮೇಲಿನ ಅಂಚು ಮಾತ್ರ ಬಿಗಿಯಾಗಿ ಕೂರಬೇಕು.

2. ಕೊಳವೆ ಛಾವಣಿಯ ನೆತ್ತಿಗಿಂತ ಎರಡು ಅಡಿಯಾದರೂ ಮೇಲೆ ನಿಲ್ಲಲಿ. ತಗ್ಗಾದರೆ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ. ಹಳೆಯ ಮನೆಯ ತೊಲೆ, ಜಂತೆಗಳು ಒಣಗಿ ಬೆಂಡಾಗಿರುತ್ತವೆ. ಕಿಡಿ ಬೇಕಿಲ್ಲ, ಶಾಖವೇ ಸಾಕು. ಕಬ್ಬಿಣದ ಕೊಳವೆಯಿಂದ ಮರಕ್ಕೆ ಒಂದೂವರೆ ಅಡಿ ಅಂತರವಿರಲಿ. ಸಾಧ್ಯವಾದರೆ ಗೋಡೆಯ ಹೊರಗಿನಿಂದಲೇ ಏರಿಸಿ.

3. ಮಸಿ ತೆಗೆಯಲು ಕೈಗೆಟಕುವ ಬಾಗಿಲು ಇಲ್ಲದ ಒಲೆಯನ್ನು ಒಪ್ಪಬೇಡಿ. ತಿಂಗಳಿಗೊಮ್ಮೆ ಕೊಳವೆಯನ್ನು ಶುಚಿ ಮಾಡುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅದು ಗಂಡಸರ ಕೆಲಸವಾದರೆ ನನಗೆ ಸಂತೋಷ.

4. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿ ಮೊದಲು ಆ ನೀರನ್ನು ಕಾಯಿಸಿ ಓಡಿಸಬೇಕು. ಹೊಗೆಯೂ ಮಸಿಯೂ ಹೆಚ್ಚು. ಸೌದೆಯನ್ನು ಸೀಳಿ, ಸೂರಿನ ಕೆಳಗೆ ಗಾಳಿಯಾಡುವಂತೆ ಒಟ್ಟಿ, ಒಂದು ಬೇಸಿಗೆ ಕಳೆದ ಮೇಲೆ ಉರಿಸಿ. ಸಗಣಿಯನ್ನಂತೂ ಸುಡಬೇಡಿ, ಅದರ ಜಾಗ ತಿಪ್ಪೆ.

ನಿಮ್ಮ ಭಾಗಕ್ಕೆ ಒಂದು ಎಚ್ಚರಿಕೆ. ಸುತ್ತ ಕಟ್ಟಡಗಳು ಏಳುತ್ತಿರುವುದರಿಂದ ಸೆಂಟ್ರಿಂಗ್ ಹಲಗೆ, ಪ್ಲೈವುಡ್ ಚೂರು, ಬಣ್ಣ ಬಳಿದ ಬಾಗಿಲು ಬಿಟ್ಟಿಯಾಗಿ ಸಿಗುತ್ತವೆ. ಪ್ಲೈವುಡ್ಡಿನ ಅಂಟು, ಹಳೆಯ ಬಣ್ಣದ ಸೀಸ ಉರಿಯಲ್ಲಿ ವಿಷವಾಗುತ್ತವೆ. ಹುಳು ಹಿಡಿಯದಂತೆ ಔಷಧಿ ಕುಡಿಸಿದ ಮರದ ಬೂದಿಯಲ್ಲಿ ಆರ್ಸೆನಿಕ್ ಉಳಿಯಬಹುದು. ಅದನ್ನು ಸೊಪ್ಪಿನ ಮಡಿಗೆ ಹಾಕಿದರೆ ತಟ್ಟೆಗೇ ಬರುತ್ತದೆ. ಬಿಟ್ಟಿ ಎಂದು ಒಲೆಗೆ ಹಾಕಬೇಡಿ.

ಇನ್ನೊಂದು ಮಾತು. ಚಳಿಯೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ನಿಮ್ಮ ಜಮೀನಿನ ಶೆಡ್ಡುಗಳಲ್ಲಿ ಬಾಡಿಗೆಗಿರುವ ಕೂಲಿಗಾರರಿಗೂ ಇದನ್ನು ತಿಳಿಸಿ.

ಕೊನೆಯದಾಗಿ, ಒಲೆಯ ಹೆಸರು ನೋಡಿ ಮರುಳಾಗಬೇಡಿ. ಕಟ್ಟುವವರು ಬಂದ ದಿನ ನಾಳೆ ಅದಕ್ಕೆ ಬೆಂಕಿ ಹಾಕುವವರನ್ನೇ ಮುಂದೆ ಕೂರಿಸಿ. ಹಂಡೆಯನ್ನು ಅವರೇ ಇಟ್ಟು ನೋಡಲಿ, ಬಾಯಿಯ ಎತ್ತರವನ್ನು ಅವರೇ ಹೇಳಲಿ. ನಮ್ಮ ಮನೆಯಲ್ಲಿ ಅಂದು ಆ ಒಂದು ಮಾತನ್ನು ಕೇಳಿದ್ದರೆ ಸಾಕಾಗಿತ್ತು.